ದಾರಿ ಸವರುವವರು

ಅಡಿಕೆ ಕೊಯ್ಲು ಶುರುವಾಗುವ ಹೊತ್ತಿಗೆ ನನ್ನ ಫೋನಿಗೆ ಒಂದೇ ಥರದ ಪ್ರಶ್ನೆಗಳು ಬರತೊಡಗುತ್ತವೆ. "ಸಿರ್ಸಿ ಕಡೆ ಒಂದು ಈಸಿ ಟ್ರೆಕ್ ಹೇಳೇ. ಅಮ್ಮನೂ ಬರ್ತಾಳೆ, ಅವಳಿಗೆ ಮೊಣಕಾಲು ನೋವು. ಜಾಸ್ತಿ ಹತ್ತೋದು ಬೇಡ. ಆದ್ರೆ ಕಾಡು ಮಾತ್ರ ದಟ್ಟ ಇರಬೇಕು." ಹಾಸ್ಟೆಲಿನಲ್ಲಿ ಜೊತೆಗಿದ್ದವರು, ಅವರ ಆಫೀಸಿನವರು, ಆಫೀಸಿನವರ ನಾದಿನಿಯರು ಎಲ್ಲರೂ ಕೇಳುವುದು ಇದನ್ನೇ. ಸಿದ್ದಾಪುರದವಳು, ಅದೂ ಕಾಡಿನ ಮೇಲೆ ಪಿಎಚ್‌ಡಿ ಮಾಡುತ್ತಿರುವವಳು ಎಂದರೆ ನಾನೊಂದು ಉಚಿತ ಪ್ರವಾಸಿ ಮಾಹಿತಿ ಕೇಂದ್ರ.

ಉತ್ತರವೂ ಸಿದ್ಧವಾಗಿದೆ. ಸಹಸ್ರಲಿಂಗಕ್ಕೆ ಹೋಗಿ, ಶಾಲ್ಮಲೆಯಲ್ಲಿ ನೀರು ಇಳಿದಿರುತ್ತದೆ, ಸೋಂದೆಯ ಸದಾಶಿವರಾಯನ ಕಾಲದ ಲಿಂಗಗಳ ನಡುವೆ ಕಲ್ಲಿನಿಂದ ಕಲ್ಲಿಗೆ ದಾಟುತ್ತ ಅರ್ಧ ದಿನ ಕಳೆಯಬಹುದು. ಯಲ್ಲಾಪುರದ ಸಾತೊಡ್ಡಿಗೆ ಹೋಗಿ, ಗಾಡಿ ನಿಲ್ಲಿಸಿದಲ್ಲಿಂದ ಹಳ್ಳದ ಪಕ್ಕದ ನೆರಳಿನಲ್ಲಿ ಸ್ವಲ್ಪ ನಡೆದರೆ ಜಲಪಾತ. ಮಾಗೋಡಿಗಂತೂ ನಡಿಗೆಯೇ ಬೇಡ, ನಿಂತು ನೋಡಿದರಾಯಿತು. ಉಂಚಳ್ಳಿಯಲ್ಲಿ ಮೆಟ್ಟಿಲಿದೆ, ಕಂಬಿ ಇದೆ. 116 ಮೀಟರ್ ಎತ್ತರದಿಂದ ಬೀಳುವ ಅಘನಾಶಿನಿಯನ್ನು 1845ರಲ್ಲಿ ಲಷಿಂಗ್ಟನ್ ಎಂಬ ಬ್ರಿಟಿಷ್ ಅಧಿಕಾರಿ 'ಕಂಡುಹಿಡಿದ' ಎಂದು ಎಲ್ಲ ಕಡೆ ಬರೆದಿರುತ್ತಾರೆ. ಅದಕ್ಕೂ ಮೊದಲೇ ಅದರ ಸದ್ದಿಗೆ ಮಾತು ಕೇಳದೆ 'ಕೆಪ್ಪ ಜೋಗ' ಎಂದು ಹೆಸರಿಟ್ಟವರು ಯಾರೋ ಏನೋ.

ಇಷ್ಟು ಹೇಳಲು ಪಿಎಚ್‌ಡಿ ಬೇಕಿಲ್ಲ. ಆದರೆ ಈ ಸಲದ ಮಳೆಗಾಲ ಮುಗಿಯುವ ಮುಂಚೆ ಅದೇ ಪ್ರಶ್ನೆ ಇನ್ನೊಂದು ಕಡೆಯಿಂದ ಬಂತು. ಯಲ್ಲಾಪುರ ರಸ್ತೆಯಲ್ಲಿ ಹೋಮ್‌ಸ್ಟೇ ನಡೆಸುವ ಭಾವ ಮನೆಗೇ ಬಂದು, ಆಸರಿಗೆ ಕುಡಿದು, ವಿಷಯಕ್ಕೆ ಬಂದ. "ನಿನ್ ಹತ್ರ ಕಾಡಿನ ದಾರಿಗಳ ಜಿಪಿಎಸ್ ಗೆರೆ ಎಲ್ಲಾ ಇದ್ದಡ. ಅದರಲ್ಲಿ ಸುಲಭದ್ದು ಯಾವುದು ಅಂತ ಗುರುತು ಹಾಕಿಕೊಡು. ಬಪ್ಪವ್ಕೆ ಫಾಲ್ಸ್ ನೋಡಿ ನೋಡಿ ಬೇಜಾರು ಬಂಜು. ನಡೆಯಲೆ ಬೇಕಡ."

ಗೆರೆಗಳು ಇರುವುದು ಹೌದು. ನಾಲ್ಕು ವರ್ಷದಿಂದ ಸಿರ್ಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳಲ್ಲಿ ಕಾನು ಮತ್ತು ಬೆಟ್ಟಗಳ ನಡುವಿನ ಕಾಲುದಾರಿಗಳ ಪಕ್ಕದಲ್ಲಿ ಯಾವ ಮರದ ಸಸಿ ಹುಟ್ಟುತ್ತದೆ, ಯಾವುದು ಹುಟ್ಟುವುದಿಲ್ಲ ಎಂದು ಎಣಿಸುತ್ತಿದ್ದೇನೆ. ಅದಕ್ಕಾಗಿ 11 ದಾರಿಗಳನ್ನು ಮತ್ತೆ ಮತ್ತೆ ನಡೆದಿದ್ದೇನೆ. ಲ್ಯಾಪ್‌ಟಾಪಿನಲ್ಲಿ ಅವು 11 ಬಣ್ಣದ ಗೆರೆಗಳು. ನನ್ನ ಗೈಡ್ ಮೇಷ್ಟ್ರಿಗೆ ಅವು ಮೂರನೇ ಅಧ್ಯಾಯ. ಭಾವನಿಗೆ ಎರಡು ರಾತ್ರಿ ಮೂರು ಹಗಲಿನ ಪ್ಯಾಕೇಜು. 'ಯೋಚನೆ ಮಾಡಿ ಹೇಳ್ತೆ' ಎಂದೆ. ಯೋಚಿಸಿದ್ದು ಇಲ್ಲಿದೆ.

ಸುಲಭ ಎಂದರೇನು ಎಂಬುದರಿಂದಲೇ ಶುರು ಮಾಡಬೇಕು. ಆಪ್‌ಗಳಿಗೆ ಇದು ಸಲೀಸು ಲೆಕ್ಕ: ಎಷ್ಟು ದೂರ, ಎಷ್ಟು ಏರು, ನೆಲ ಹೇಗಿದೆ. ನಮ್ಮ ಲ್ಯಾಬಿನ ಸೀನಿಯರ್ ಒಬ್ಬರು ಈಗ ಜರ್ಮನಿಯಲ್ಲಿದ್ದಾರೆ. ಹೈನಿಶ್ ಎಂಬ ರಾಷ್ಟ್ರೀಯ ಉದ್ಯಾನದ ಬೀಚ್ ಮರಗಳ ಕಾಡಿನಲ್ಲಿ ಅಡ್ಡಾಡಿದ ಫೋಟೋ ಕಳಿಸುತ್ತಿರುತ್ತಾರೆ. 2011ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಕಾಡದು. ಬೂದು ಬಣ್ಣದ ನುಣುಪು ಕಾಂಡಗಳು, ಕೆಳಗೆ ತಾಮ್ರದ ಬಣ್ಣದ ಎಲೆ, ನಡುವೆ ಗುಡಿಸಿಟ್ಟಂಥ ದಾರಿ. ಅಲ್ಲಿ ನಡೆಯುವುದು ಸುಲಭವಾಗಲು ಒಂದು ಕಾರಣ ಮರವೇ. ಬೀಚ್ ತನ್ನ ಕೆಳಗೆ ಎಷ್ಟು ಗಾಢ ನೆರಳು ಮಾಡುತ್ತದೆಂದರೆ ಪೊದೆ ಕಂಟಿಗಳಿಗೆ ಬೆಳಕೇ ಸಿಗುವುದಿಲ್ಲ. ಇನ್ನೊಂದು ಕಾರಣ ಮನುಷ್ಯರು. ಆ ದೇಶದಲ್ಲಿ ನಡೆಯುವವರ ಸಂಘಗಳಿವೆ. ಬ್ಲ್ಯಾಕ್ ಫಾರೆಸ್ಟ್ ಸೀಮೆಯ ಸಂಘ 1864ರದ್ದು. ಸಂಘದ ಸ್ವಯಂಸೇವಕರು ಬಣ್ಣದ ಗುರುತು ಹಾಕುತ್ತ, ಫಲಕ ನೆಡುತ್ತ ಬಂದಿದ್ದಾರೆ. ಭಾನುವಾರ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ನಡೆಯುವ ಅಪ್ಪನಿಗೆ ಗುರುತು ಕಾಣುತ್ತದೆ, ಬಣ್ಣದ ಡಬ್ಬಿ ಹಿಡಿದು ಬಂದವನು ಕಾಣುವುದಿಲ್ಲ.

ನಮ್ಮ ಕಾಡಿನಲ್ಲಿ ಬಣ್ಣದ ಗುರುತಿಲ್ಲ. ಮರದ ಮಾತು ಮಾತ್ರ ಹೆಚ್ಚು ಕಡಿಮೆ ಅದೇ. ಹೊರಗಿನವರಿಗೆ ಇದು ವಿಚಿತ್ರ ಅನ್ನಿಸುತ್ತದೆ: ಹಳೆಯ ಕಾನು, ಅಂದರೆ ಎಂದೂ ಪೂರ್ತಿ ಕಡಿಯದ ನಿತ್ಯಹಸಿರು ಕಾಡು, ಒಳಹೊಕ್ಕರೆ ನಡೆಯಲು ಅಂಥ ಕಷ್ಟದ್ದಲ್ಲ. ಅಲ್ಲಲ್ಲಿ ಬೆತ್ತದ ಮುಳ್ಳು ಎಳೆಯುತ್ತದೆ, ಬೇರು ಎಡವಿಸುತ್ತದೆ, ಅಷ್ಟೇ. ಕಷ್ಟ ಇರುವುದು ಕಾನಿನ ಅಂಚಿನಲ್ಲಿ, ಮರ ಹೋಗಿ ಬಿಸಿಲು ಬಿದ್ದ ಜಾಗದಲ್ಲಿ. ಅಲ್ಲಿ ಯುಪಟೋರಿಯಂ, ಲಂಟಾನ, ಮುಳ್ಳುಬಳ್ಳಿ ಎಲ್ಲ ಸೇರಿ ಆಳೆತ್ತರದ ಗೋಡೆ ಕಟ್ಟುತ್ತವೆ. ಜನ ಆ ಗೋಡೆ ನೋಡಿ 'ಅಬ್ಬಾ, ಎಂಥ ದಟ್ಟ ಕಾಡು' ಎನ್ನುತ್ತಾರೆ. ನನಗೆ ಹೊಟ್ಟೆ ಉರಿಯುತ್ತದೆ. ದಟ್ಟ ಕಾಡು ಅದರಾಚೆ ಇದೆ.

ಆ ಗೋಡೆಯನ್ನು ದಾಟಿಸುವ ಕಾಲುದಾರಿ ತಾನಾಗಿ ಆದದ್ದಲ್ಲ. ನಮ್ಮ ಮೂರೂ ತಾಲ್ಲೂಕುಗಳಲ್ಲಿ ಅಡಿಕೆ ತೋಟಕ್ಕೆ ಸೊಪ್ಪಿನ ಬೆಟ್ಟ ಎಂಬ ಹಕ್ಕು ಬ್ರಿಟಿಷರ ಕಾಲದಿಂದ ನಡೆದು ಬಂದಿದೆ. ಒಂದು ಎಕರೆ ತೋಟಕ್ಕೆ ಹೆಚ್ಚೆಂದರೆ 9 ಎಕರೆ ಬೆಟ್ಟ. ಮರ ಸರ್ಕಾರದ್ದು, ಸೊಪ್ಪು ತೋಟದವರದ್ದು. ಮಳೆಗಾಲದಲ್ಲಿ ಹಸಿ ಸೊಪ್ಪು ಕಡಿದು ತರಬೇಕು, ಬೇಸಿಗೆಯಲ್ಲಿ ಉದುರಿದ ದರಕು ಗುಡಿಸಿ ತರಬೇಕು. ಅದು ಕೊಟ್ಟಿಗೆಗೆ ಹಾಸಿಗೆಯಾಗಿ, ಗೊಬ್ಬರವಾಗಿ, ತೋಟಕ್ಕೆ ಹೋಗುತ್ತದೆ. ತಲೆಯ ಮೇಲೆ ದರಕಿನ ಹೊರೆ ಇದ್ದವರಿಗೆ ಕಾಲ ಕೆಳಗೆ ಏನಿದೆ ಎಂದು ಕಾಣುವುದಿಲ್ಲ. ಆದ್ದರಿಂದ ದಾರಿ ಕಣ್ಣು ಮುಚ್ಚಿ ನಡೆಯುವಷ್ಟು ಸಾಪಾಗಿರಬೇಕಿತ್ತು. ಇವತ್ತು 'ಬಿಗಿನರ್ಸ್ ಟ್ರೇಲ್' ಎಂದು ಕರೆಯಬಹುದಾದ ನನ್ನ ದಾರಿಗಳಲ್ಲಿ ಐದು ಹೀಗೆ ಹೊರೆ ಹೊತ್ತವರಿಗಾಗಿ ಆದವು.

ದೀಪಾವಳಿಗೆ ಮುಂಚೆ ದಾರಿ ಸವರುವ ಪದ್ಧತಿ ಇತ್ತು. ಮಳೆಗಾಲದಲ್ಲಿ ಎರಡೂ ಕಡೆಯಿಂದ ಬಾಗಿ ಬಂದದ್ದನ್ನು ಕತ್ತಿಯಿಂದ ಸವರಿ, ಕುಸಿದ ಮೆಟ್ಟಿಲಿಗೆ ಕಲ್ಲಿಟ್ಟು, ಹಳ್ಳದ ಸಂಕಕ್ಕೆ ಹೊಸ ಅಡಿಕೆ ದಬ್ಬೆ ಹಾಕುವುದು. ನಮ್ಮ ಮನೆಯಲ್ಲಿ ಇದನ್ನು ಹೇಳುವಾಗ ಎಲ್ಲರೂ 'ಎಂಗ ಸವರತಿದ್ಯ' ಎನ್ನುತ್ತಾರೆ. ಆ 'ಎಂಗ'ದೊಳಗೆ ಯಾರಿದ್ದರು ಎಂದು ಕೇಳಿದರೆ ಮಾತು ಸ್ವಲ್ಪ ನಿಧಾನವಾಗುತ್ತದೆ. ಕತ್ತಿ ಹಿಡಿದವರು ಹೆಚ್ಚಾಗಿ ತೋಟದ ಕೆಲಸಕ್ಕೆ ಬರುತ್ತಿದ್ದವರು, ಕೊನೆ ಕೊಯ್ಯುವ ಗೌಡರು, ಅವರ ಹೆಂಡಂದಿರು. ಯಲ್ಲಾಪುರದ ಕಡೆಯ ದಾರಿಗಳಲ್ಲಿ ಸಿದ್ದಿಗಳು, ಎಮ್ಮೆ ಅಟ್ಟಿಕೊಂಡು ಹೋಗುವ ಗೌಳಿಗಳು. ನನ್ನ ಪ್ರಬಂಧದಲ್ಲಿ ಇದಕ್ಕೆ ಕಾಲಂ ಇಲ್ಲ. ಸಸಿಯ ಎತ್ತರಕ್ಕೆ ಇದೆ, ಎಲೆಯ ಮೇಲಿನ ಹುಳದ ತೂತಿಗೂ ಇದೆ.

ಇನ್ನೊಂದು ಬಗೆಯ ಸುಲಭ ದಾರಿ ಇದೆ. ಅದನ್ನು ನಡೆದಾಗಲೆಲ್ಲ ನನಗೆ ಎತ್ತಿನ ಮೇಲೆ ಗೌರವ ಹೆಚ್ಚುತ್ತದೆ. ಘಟ್ಟದ ಮೇಲಿಂದ ಕುಮಟೆಯ ಕಡೆಗೆ ಇಳಿಯುತ್ತಿದ್ದ ಹಳೆಯ ಹೇರೆತ್ತಿನ ದಾರಿಗಳವು. ಮೇಲಿನಿಂದ ಅಡಿಕೆ, ಕಾಳುಮೆಣಸು ಇಳಿದವು, ಕೆಳಗಿನಿಂದ ಉಪ್ಪು ಹತ್ತಿತು. ಮನುಷ್ಯ ಅವಸರಕ್ಕೆ ನೇರ ಏರನ್ನು ಹತ್ತಿಬಿಡುತ್ತಾನೆ. ಬೆನ್ನಿಗೆ ಹೇರು ಹೊತ್ತ ಎತ್ತು ಹತ್ತುವುದಿಲ್ಲ. ಹಾಗಾಗಿ ದಾರಿ ಗುಡ್ಡದ ಪಕ್ಕೆಯಲ್ಲಿ ಸುತ್ತಿ ಸುತ್ತಿ, ಎಲ್ಲಿಯೂ ಉಸಿರು ಕಟ್ಟದಂತೆ, ನಿಧಾನವಾಗಿ ಏರುತ್ತದೆ. ಮೊಣಕಾಲು ನೋವಿನ ಅಮ್ಮಂದಿರಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಎತ್ತಿನ ಮೊಣಕಾಲಿಗೆ ಅಳೆದು ಮಾಡಿದ್ದು. ಈಗ ಅಂಥ ಒಂದು ದಾರಿಯಲ್ಲಿ ಎರಡು ಕಡೆ ದೊಡ್ಡ ಮರ ಅಡ್ಡ ಬಿದ್ದಿದೆ, ಒಂದು ಕಡೆ ಮಣ್ಣು ಜಾರಿದೆ. ಉಳಿದದ್ದು ಚೆನ್ನಾಗಿದೆ, ಯಾಕೆಂದರೆ ಕಲ್ಲು ಹಾಸಿದವರು ನೀರು ಹೋಗಲು ಓರೆ ಕಾಲುವೆ ಮಾಡಿಟ್ಟಿದ್ದರು. ಡಾಂಬರು ಹಾಕುವವರು ಮರೆಯುವುದೇ ಅದನ್ನು.

'ಸೊಕ್ಕಿದ್ದವ ಯಾಣಕ್ಕೆ, ರೊಕ್ಕಿದ್ದವ ಗೋಕರ್ಣಕ್ಕೆ' ಎಂದು ನಮ್ಮ ಕಡೆಯ ಗಾದೆ. ಯಾಣಕ್ಕೆ ಹೋಗಲು ಮೈಯಲ್ಲಿ ಸೊಕ್ಕು ಬೇಕಿತ್ತು, ಕಾಡಿನಲ್ಲಿ ಹಗಲಿಡೀ ನಡೆಯಬೇಕಿತ್ತು. 1996ರಲ್ಲಿ ಬಂದ 'ನಮ್ಮೂರ ಮಂದಾರ ಹೂವೆ' ಸಿನಿಮಾದಲ್ಲಿ ಆ ಕಪ್ಪು ಶಿಖರಗಳನ್ನು ಕಂಡ ಮೇಲೆ ನಾಡಿನ ಮೂಲೆ ಮೂಲೆಯಿಂದ ಜನ ಬಂದರು, ರಸ್ತೆಯೂ ಬಂತು. ಈಗ ಗಾಡಿ ಇಳಿದು ನಡೆಯುವುದು ಸ್ವಲ್ಪವೇ ದೂರ. 120 ಮೀಟರಿನ ಭೈರವೇಶ್ವರ ಶಿಖರದ ಬುಡದಲ್ಲಿ ಹಸುಗೂಸು, ಊರುಗೋಲಿನ ಅಜ್ಜ ಇಬ್ಬರನ್ನೂ ನೋಡಿದ್ದೇನೆ, ಖುಷಿಪಟ್ಟಿದ್ದೇನೆ. ದೇವರು ಸೊಕ್ಕಿದ್ದವರಿಗೆ ಮಾತ್ರ ಯಾಕೆ ಕಾಣಬೇಕು? ಆದರೆ ಗಾದೆಯಲ್ಲಿದ್ದ ಯಾಣಕ್ಕೆ ಈಗ ಹೋಗಲಾಗುವುದಿಲ್ಲ. ಆ ಹಳೆಯ ನಡಿಗೆಯ ದಾರಿಯಲ್ಲಿ ಕೆಲವು ಕಡೆ ಕಂಟಿ ಬೆಳೆದು ಆಕಾಶ ಕಾಣುವುದಿಲ್ಲ. ರಸ್ತೆ ಬಂದ ಕೆಲವೇ ವರ್ಷಗಳಲ್ಲಿ ಕಾಲುದಾರಿ ಸಾಯುತ್ತದೆ.

ಅಂದಹಾಗೆ, ನಮ್ಮ ಸೀಮೆಯ ಅತ್ಯಂತ ಪ್ರಸಿದ್ಧ ಕಾಡಿನ ನಡಿಗೆ ನಡೆದದ್ದು ಜನ ಕೇಳುವ ಡಿಸೆಂಬರಿನಲ್ಲಿ ಅಲ್ಲ. 1983ರ ಸೆಪ್ಟೆಂಬರ್ 8ರಂದು ಸಾಲ್ಕಣಿ ಸುತ್ತಿನ ಜನ, ಹೆಂಗಸರು ಮಕ್ಕಳೂ ಸೇರಿ, ಕಳಸೆ ಕಾಡಿಗೆ ನಡೆದುಹೋಗಿ ಮರಗಳನ್ನು ಅಪ್ಪಿಕೊಂಡರು. ಪಾಂಡುರಂಗ ಹೆಗಡೆಯವರ ಹೆಸರಿನೊಂದಿಗೆ ನಾವು ನೆನೆಯುವ ಅಪ್ಪಿಕೋ ಚಳವಳಿ ಹಾಗೆ ಶುರುವಾಯಿತು. ಸೆಪ್ಟೆಂಬರ್ ಎಂದರೆ ಉಂಬಳದ ಕಾಲ, ನೆಲ ಜಾರುವ ಕಾಲ. ಅವರಿಗೆ ದಾರಿ ಗೊತ್ತಿತ್ತು, ಏಕೆಂದರೆ ಅವರು ದಿನವೂ ಓಡಾಡುವ ಕಾಡದು. ಮರ ಕಡಿಯಲು ಬಂದವರಿಗಿಂತ ಚೆನ್ನಾಗಿ ಗೊತ್ತಿತ್ತು. ಕಾಡಿನಲ್ಲಿ ಓಡಾಡುವವರೇ ಇಲ್ಲದಿದ್ದರೆ ಅಲ್ಲಿ ಏನಾಗುತ್ತಿದೆ ಎಂದು ಊರಿಗೆ ಸುದ್ದಿ ತರುವವರು ಯಾರು ಎಂದು ಆಗಾಗ ಅನ್ನಿಸುತ್ತದೆ. ಉಪಗ್ರಹದ ಚಿತ್ರ ನೋಡಿ ಹೇಳಬಹುದು ಎನ್ನುತ್ತಾನೆ ನನ್ನ ಲ್ಯಾಬಿನ ಹುಡುಗ. ಹೇಳಬಹುದು, ಮೋಡ ಇಲ್ಲದಿದ್ದರೆ.

ಹನ್ನೊಂದರಲ್ಲಿ ನಾಲ್ಕನೆಯ ಗೆರೆ ದೊಡ್ಡಾಯಿಯ ದಾರಿ. ಉಳಿದವು ನನ್ನ ಅಧ್ಯಯನ, ಇದು ನನ್ನ ಮನೆತನ. ಅಘನಾಶಿನಿ ಕಣಿವೆಯ ಮೇಲಂಚಿನಲ್ಲಿ, ಡಾಂಬರು ರಸ್ತೆಯಿಂದ 1.8 ಕಿಲೋಮೀಟರ್ ಒಳಗೆ ದೊಡ್ಡಾಯಿಯ ಮನೆ. ಮೂರು ಸಂಕ, ಎರಡು ದಣಪೆ, ಒಂದು ಕಾನು, ಒಂದು ಬೆಟ್ಟ. ಏರು ಎಂಬುದು ಇಲ್ಲವೇ ಇಲ್ಲ ಎನ್ನಬೇಕು. ನಾನು ಚಿಕ್ಕವಳಿದ್ದಾಗ ಆ ಕೇರಿಯಲ್ಲಿ ಆರು ಮನೆ, ಶಾಲೆಗೆ ಹೋಗುವ ಒಂಬತ್ತು ಮಕ್ಕಳು. ಆಗ ಆ ದಾರಿಯನ್ನು ಯಾರೂ ಸವರುವ ಅಗತ್ಯ ಇರಲಿಲ್ಲ. ಒಂಬತ್ತು ಜೊತೆ ಕಾಲು ದಿನಕ್ಕೆರಡು ಬಾರಿ ಓಡಿದರೆ ಯಾವ ಕಂಟಿಯೂ ತಲೆ ಎತ್ತುವುದಿಲ್ಲ. ಈಗ ಸಂಜೆ ದೀಪ ಹತ್ತುವುದು ಎರಡು ಮನೆಯಲ್ಲಿ. ಶಾಲೆ ಮುಚ್ಚಿದೆ. ದಾರಿ ಇನ್ನೂ ಇರುವುದು 71 ವರ್ಷದ ದೊಡ್ಡಾಯಿ ದಿನಾ ಬೆಳಿಗ್ಗೆ ಮೂರು ಲೀಟರ್ ಹಾಲು ಹಿಡಿದು ಡೇರಿಗೆ ಬರುವುದರಿಂದ. ಅವಳಿಗೆ ಹಾಲಿನಿಂದ ಬರುವ ದುಡ್ಡಿನ ಅಗತ್ಯ ಅಷ್ಟೇನೂ ಇಲ್ಲ. ಬೆಂಗಳೂರಿನ ಮಗ ಕಳಿಸುತ್ತಾನೆ. 'ಹಸು ಮಾರಿಬಿಡು' ಎಂದು ಹೇಳಿ ಹೇಳಿ ಸೋತಿದ್ದಾನೆ.

ದೊಡ್ಡಾಯಿ ನಡೆಯುವಾಗ ಕೈಯಲ್ಲಿ ಸಣ್ಣ ಕತ್ತಿ ಇರುತ್ತದೆ. ನಿಲ್ಲದೆಯೇ, ಮಾತು ನಿಲ್ಲಿಸದೆಯೇ, ದಾರಿಗೆ ಬಾಗಿದ ಒಂದೊಂದು ಟೊಂಗೆಯನ್ನು ಸವರುತ್ತ ಹೋಗುತ್ತಾಳೆ. ಎಲ್ಲವನ್ನೂ ಅಲ್ಲ. ಉಪ್ಪಾಗೆ, ಮುರುಗಲು, ದಾಲ್ಚಿನ್ನಿಯ ಸಸಿಗಳನ್ನು ಬಿಡುತ್ತಾಳೆ, ಯುಪಟೋರಿಯಂ ಕಂಡರೆ ಬುಡಕ್ಕೇ. ದಾರಿಯಂಚಿನ ಸಸಿಗಳ ಪಟ್ಟಿ ಮಾಡುವಾಗ ನಾಲ್ಕನೆಯ ಗೆರೆಯಲ್ಲಿ ಉಪ್ಪಾಗೆ ಅಷ್ಟೊಂದು ಯಾಕಿದೆ ಎಂದು ಮೇಷ್ಟ್ರು ಕೇಳಿದ್ದರು. ಮಣ್ಣಿನ ತೇವ, ನೆರಳಿನ ಪ್ರಮಾಣ ಎಂದು ಎರಡು ಗ್ರಾಫ್ ತೋರಿಸಿ, ಆಮೇಲೆ 'ಇನ್ನೊಂದು ಕಾರಣ ನಮ್ಮ ದೊಡ್ಡಾಯಿ ಸಾರ್' ಎಂದೆ. ಅವರು ನಕ್ಕರು, ನಂತರ 'ಅದನ್ನೂ ಬರಿ' ಎಂದರು. ಬರೆದಿದ್ದೇನೆ, 'ಸ್ಥಳೀಯ ಆಯ್ದ ನಿರ್ವಹಣೆ' ಎಂದು. ಅವಳಿಗೆ ಓದಿ ಹೇಳಿದಾಗ 'ಅದ್ಯಾರು?' ಎಂದು ಕೇಳಿದಳು.

ಭಾವನ ಯೋಜನೆಯನ್ನು ಅವಳ ಮುಂದಿಟ್ಟೆ. ಬೆಂಗಳೂರಿನವರು ಬರುತ್ತಾರೆ, ಗದ್ದಲ ಮಾಡುತ್ತಾರೆ, ಪ್ಲಾಸ್ಟಿಕ್ ಎಸೆಯುತ್ತಾರೆ, ನಿನ್ನ ಅಂಗಳದಲ್ಲಿ ನಿಂತು ಫೋಟೋ ತೆಗೆಯುತ್ತಾರೆ ಎಂದೆಲ್ಲ ಹೇಳಿದೆ. ಅವಳು ಹೂಬತ್ತಿ ಹೊಸೆಯುತ್ತಿದ್ದಳು. "ಬರ್ಲಿ ಬಿಡು ಕೂಸೆ. ಜನ ಓಡಾಡಿದ್ರೆ ದಾರಿ ಉಳಿತು. ನಾ ಬಿದ್ದು ಕಾಲು ಮುರ್ಕಂಡ್ರೆ ಹೊತ್ಕಂಡು ಹೋಪಲಾದ್ರೂ ದಾರಿ ಬೇಕಲಾ." ಇದಕ್ಕೆ ನನ್ನ ಬಳಿ ಉತ್ತರ ಇರಲಿಲ್ಲ. ಕಾಡನ್ನು ಹಾಗೇ ಬಿಟ್ಟುಬಿಡಬೇಕು ಎನ್ನುವವರು ಸಾಮಾನ್ಯವಾಗಿ ಕಾಡಿನ ಆಚೆಬದಿಯಲ್ಲಿ ಮನೆ ಇಲ್ಲದವರು. ನಾನೂ ಈಗ ವರ್ಷದ ಏಳೆಂಟು ತಿಂಗಳು ಅಂಥವರ ಜೊತೆಯಲ್ಲೇ ಇರುವವಳು.

ಹಾಗೆಂದು ಎಲ್ಲ ಗೆರೆಗಳನ್ನೂ ಕೊಟ್ಟುಬಿಡಲು ಬರುವುದಿಲ್ಲ. ಮೊದಲನೆಯ ತೊಡಕು ಕಾನೂನಿನದು. ಅರಣ್ಯ ಇಲಾಖೆ ನನಗೆ ಕೊಟ್ಟ ಅನುಮತಿ ಪತ್ರ ಸಂಶೋಧನೆಗೆ ಮಾತ್ರ. ಅಘನಾಶಿನಿ ಕಣಿವೆಯ ಕಾಡು 2011ರಲ್ಲಿ ಸಿಂಗಳೀಕಗಳಿಗಾಗಿ ಸಂರಕ್ಷಣಾ ಮೀಸಲು ಎಂದು ಘೋಷಣೆಯಾಯಿತು, 2019ರಲ್ಲಿ ಶರಾವತಿ ಅಭಯಾರಣ್ಯದ ಜೊತೆ ಸೇರಿತು. ಅಂಥಲ್ಲಿ ಕೇಳದೆ ಕಾಲಿಡುವಂತಿಲ್ಲ. 2024ರ ಜನವರಿಯಲ್ಲಿ ಕುಮಾರಪರ್ವತಕ್ಕೆ ಸಾವಿರಾರು ಜನ ಒಮ್ಮೆಗೇ ನುಗ್ಗಿದ ವಿಡಿಯೋ ನೀವೂ ನೋಡಿರುತ್ತೀರಿ. ಅದಾದ ಮೇಲೆ ಸರ್ಕಾರ ಚಾರಣಕ್ಕೆ ಆನ್‌ಲೈನ್ ಬುಕಿಂಗ್ ತಂದು, ಒಂದು ದಾರಿಗೆ ದಿನಕ್ಕೆ 300 ಜನ ಎಂದು ಮಿತಿ ಹಾಕಿತು. ಕುಮಾರಪರ್ವತಕ್ಕೆ ಅದು ಕಡಿಮೆ ಇರಬಹುದು. ಒಂದು ಅಡಿ ಅಗಲದ ನಮ್ಮ ದಾರಿಗೆ 300 ಎಂದರೆ ಜಾತ್ರೆ.

ಎರಡನೆಯದು ಕತ್ತಲೆಕಾನು. ಸಿದ್ದಾಪುರದಿಂದ ಹೊನ್ನಾವರದ ಕಡೆ ಹೋಗುವಾಗ ಸಿಗುವ ಈ ಕಾನಿನಲ್ಲಿ ಕಾಡು ಜಾಯಿಕಾಯಿ ಜಾತಿಯ ಮರಗಳ ಜವುಗು ಇದೆ. ಸದಾ ನೀರು ನಿಂತ ಕೆಸರಿನಲ್ಲಿ ಉಸಿರಾಡಲು ಬೇರುಗಳು ಮೊಣಕಾಲು ಮಡಿಸಿದಂತೆ ಮೇಲೆದ್ದಿರುತ್ತವೆ. ಗೇರು ಕುಟುಂಬದ ಒಂದು ಮರವನ್ನು 2000ನೇ ಇಸವಿಯಲ್ಲಿ ಇಲ್ಲಿಂದಲೇ ಮೊದಲು ವರ್ಣಿಸಿ, ಈ ಕಾನಿನ ಹೆಸರನ್ನೇ ಇಟ್ಟರು: ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್. ಅಂಥ ಜವುಗುಗಳ ಪಕ್ಕದಲ್ಲಿ ಹಾದುಹೋಗುವ ದಾರಿಗಳು ನನ್ನ ಪಟ್ಟಿಯಲ್ಲಿವೆ, ಅತ್ಯಂತ ಸುಲಭವಾದವು ಅವೇ. ಸಪಾಟು ನೆಲ, ತಂಪು, ಮಧ್ಯಾಹ್ನವೂ ಮುಸ್ಸಂಜೆಯ ಬೆಳಕು. ಅದೇ ಕಷ್ಟ. ಒಬ್ಬರೇ ಹೋದರೆ ಕೆಸರಿನಲ್ಲಿ ಕಾಲಿಟ್ಟು ದಾಟುತ್ತಾರೆ. ಗುಂಪು ಹೋದರೆ ಶೂ ಒದ್ದೆಯಾಗಬಾರದೆಂದು ಬದಿಗೆ ಸರಿಯುತ್ತಾರೆ, ಹಿಂದಿನವರು ಇನ್ನಷ್ಟು ಬದಿಗೆ. ಒಂದು ಅಡಿಯ ದಾರಿ ಹತ್ತು ಅಡಿಯಾಗುತ್ತದೆ. ಜಾಯಿಕಾಯಿ ಜಾತಿಯ ಬೀಜಗಳು ದಪ್ಪ, ಒಣಗಿದರೆ ಹುಟ್ಟುವುದಿಲ್ಲ. ಬಿದ್ದಲ್ಲೇ ಆ ವರ್ಷವೇ ಮೊಳೆತು ತಾಯಿಮರದ ಸುತ್ತ ನಿಲ್ಲುತ್ತವೆ. ಆ ಹತ್ತು ಅಡಿಯೊಳಗೇ ನಿಲ್ಲುತ್ತವೆ. ಈ ಗೆರೆಗಳನ್ನು ಭಾವನಿಗೂ ಇಲ್ಲ, ನಿಮಗೂ ಇಲ್ಲ.

ಮೂರನೆಯದನ್ನು ಹೇಳಿದರೆ ಪ್ರವಾಸೋದ್ಯಮದವರಿಗೆ ಸಿಟ್ಟು ಬರುತ್ತದೆ. ನಮ್ಮಲ್ಲಿ ನಡೆಯಲು ಹಿತವಾದ ಕಾಲ ಡಿಸೆಂಬರಿನಿಂದ ಶುರು. ಉಂಬಳ ಇಲ್ಲ, ನೆಲ ಒಣಗಿದೆ, ದಾರಿಯ ಮೇಲೆ ದರಕು ಚರಚರ ಎನ್ನುತ್ತದೆ. ಮಂಗನ ಕಾಯಿಲೆ ಹರಡುವ ಉಣುಗುಗಳ ಮರಿಗಳು ಆ ದರಕಿನಲ್ಲಿ ಕಾದಿರುವುದೂ ಸರಿಯಾಗಿ ಅದೇ ತಿಂಗಳುಗಳಲ್ಲಿ, ಮೇ ತನಕ. ಕಾಯಿಲೆಯನ್ನು ಮೊದಲು ಗುರುತಿಸಿದ್ದು 1957ರಲ್ಲಿ ನಮ್ಮ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ. ಸಿದ್ದಾಪುರ ತಾಲ್ಲೂಕಿನಲ್ಲಿ ಇತ್ತೀಚಿನ ವರ್ಷಗಳಲ್ಲೂ ಜನ ಸತ್ತಿದ್ದಾರೆ. ಸತ್ತವರು ಚಾರಣಿಗರಲ್ಲ, ಕಾಡಿಗೆ ಹೋಗದೆ ವಿಧಿಯಿಲ್ಲದವರು. ಉಂಬಳ ಕಚ್ಚಿದರೆ ರಕ್ತ ಕಾಣುತ್ತದೆ, ಕಿರುಚಿ ಉಪ್ಪು ಹಾಕುತ್ತೇವೆ. ಉಣುಗಿನ ಮರಿ ಎಳ್ಳಿಗಿಂತ ಚಿಕ್ಕದು, ಕಚ್ಚಿದ್ದು ಗೊತ್ತಾಗುವುದಿಲ್ಲ. ಹೋಗಲೇಬೇಡಿ ಎಂದು ಹೇಳುತ್ತಿಲ್ಲ, ನಾನೇ ಹೋಗುತ್ತೇನಲ್ಲ. ತುಂಬುತೋಳಿನ ಅಂಗಿ, ಪ್ಯಾಂಟನ್ನು ಕಾಲುಚೀಲದೊಳಗೆ ಸಿಕ್ಕಿಸುವುದು, ಆರೋಗ್ಯ ಇಲಾಖೆ ಹಂಚುವ ಡೆಪಾ ತೈಲ ಬಳಿದುಕೊಳ್ಳುವುದು, ದರಕಿನ ಮೇಲೆ ಕೂರದಿರುವುದು, ಮನೆಗೆ ಬಂದವಳೇ ಬಟ್ಟೆ ಬಿಸಿನೀರಿಗೆ ಹಾಕಿ ಮೈ ತಿಕ್ಕಿ ಸ್ನಾನ. ಮಂಗ ಸತ್ತ ಸುದ್ದಿ ಬಂದ ಕಡೆಗೆ ಆ ವರ್ಷ ಹೋಗುವುದೇ ಇಲ್ಲ. 'ಈಸಿ' ಎಂದು ಬರೆಯುವ ಯಾವ ಆಪಿನಲ್ಲೂ ಈ ಸಾಲು ನೋಡಿಲ್ಲ.

ಇನ್ನು ಯಲ್ಲಾಪುರದ ಕಳಚೆ. 2021ರ ಜುಲೈ ಮಳೆಯಲ್ಲಿ ಗುಡ್ಡ ಕುಸಿದು ತೋಟ, ರಸ್ತೆ, ಮನೆ ಹೋದ ಊರು. ಒಂಬತ್ತನೆಯ ಗೆರೆಯನ್ನು ಅದರ ಹತ್ತಿರ ನಡೆದೆ. ಚೆಂದದ ಬೆಟ್ಟದ ದಾರಿ, ಪಕ್ಕದಲ್ಲಿ ಹಳ್ಳದ ಸದ್ದು. ಒಂದು ತಿರುವು ದಾಟಿದರೆ ದಾರಿ ಇಲ್ಲ. ಕೆಂಪು ಮಣ್ಣಿನ ಇಳಿಜಾರು, ಆಚೆ ದಡದಲ್ಲಿ ಅದೇ ದಾರಿಯ ಮುಂದುವರಿಕೆ ಕೈಗೆಟುಕದ ಹಾಗೆ ಕಾಣುತ್ತದೆ. ಜೊತೆಗಿದ್ದ ವಾಚರ್ ಸ್ವಲ್ಪ ಹೊತ್ತು ನಿಂತು, ಆಚೆಗೆ ಕೈ ತೋರಿಸಿ, 'ಅಲ್ಲಿಂದ ನಮ್ಮ ಮಾವನ ಮನೆಗೆ ಇಪ್ಪತ್ತು ನಿಮಿಷ ಇತ್ರಿ ಮೇಡಂ' ಎಂದ. ಆ ಗೆರೆಯನ್ನು ಅಲ್ಲಿಗೇ ನಿಲ್ಲಿಸಿದೆ.

ಕೊನೆಗೆ ಭಾವನಿಗೆ ನಾಲ್ಕು ದಾರಿ ಹೇಳಿದೆ. ನಾಲ್ಕೂ ಇನ್ನೊಂದು ತುದಿಯಲ್ಲಿ ಮನುಷ್ಯರಿರುವ, ಊರವರು ಮೊದಲಿನಿಂದ ಓಡಾಡುವ ದಾರಿಗಳು. ಆ ಮನೆಗಳವರನ್ನು ಒಬ್ಬೊಬ್ಬರಾಗಿ ಕೇಳಿಯೇ ಹೇಳಿದ್ದು. ಗೆರೆಯ ಫೈಲು ಕೊಡಲಿಲ್ಲ, ಬಾಯಲ್ಲೇ ಹೇಳಿದೆ. ಫೈಲು ಒಬ್ಬರ ಫೋನಿನಿಂದ ಲಕ್ಷ ಫೋನಿಗೆ ಹೋಗಲು ಒಂದು ರಾತ್ರಿ ಸಾಕು, ಬಾಯಲ್ಲಿ ಹೇಳಿದ ದಾರಿಗೆ ಪ್ರತಿ ಸಲವೂ ಹೇಳುವವರು ಬೇಕು. ವಲಯ ಅರಣ್ಯಾಧಿಕಾರಿಯ ಕಚೇರಿಗೆ ಹೋಗಿ ಕೇಳುವುದು ಅವನ ಪಾಲು. ಇನ್ನೊಂದು ಷರತ್ತು ಹಾಕಿದೆ: ವರ್ಷಕ್ಕೊಮ್ಮೆ ದಾರಿ ಸವರುವ ಕೂಲಿ ಅವನು ಕೊಡಬೇಕು, ಆಯಾ ಕೇರಿಯವರಿಗೇ ಕೊಡಬೇಕು. ಭಾವನ ಮುಖ ಹುಳಿಯಾಯಿತು. "ಕಾಡಿನ ದಾರಿಗೂ ಟೋಲ್ ಹಾಕ್ತ್ಯನೇ?" ಎಂದ. ಹೌದು ಎಂದೆ. ಎತ್ತು, ಮಕ್ಕಳು, ದರಕಿನ ಹೊರೆ ಎಲ್ಲ ಹೋದ ಮೇಲೆ ದಾರಿಗೆ ಯಾರಾದರೂ ಕೊಡಲೇಬೇಕಲ್ಲ. ಎರಡು ದಿನ ಬಿಟ್ಟು ಫೋನ್ ಮಾಡಿ, ಸಿಟ್ಟಿನಲ್ಲೇ, ಅಡ್ಡಿಲ್ಲೆ ಎಂದ.

ಇಲಾಖೆಯವರು ಬಂದು ನೋಡಿಹೋದರು. ಕಾನಿನೊಳಗೆ ಅಡಿಗೆ ಮಾಡಬಾರದು, ಒಮ್ಮೆಗೆ ಹತ್ತು ಜನಕ್ಕಿಂತ ಹೆಚ್ಚು ಬೇಡ ಎಂದರು. ದೀಪಾವಳಿಯ ಹಿಂದಿನ ವಾರ ಇಬ್ಬರು ಗೌಡರು, ಅವರಲ್ಲೊಬ್ಬರ ಮಗಳು, ಹೊಸ ಗಂಬೂಟು ಹಾಕಿಕೊಂಡ ಭಾವ ಎಲ್ಲ ಸೇರಿ ನಾಲ್ಕನೆಯ ದಾರಿ ಸವರಿದರು. ಎರಡನೆಯ ಸಂಕದ ದಬ್ಬೆ ಬದಲಾಯಿತು. ದೊಡ್ಡಾಯಿ ಹಿಂದಿನಿಂದ ನಡೆಯುತ್ತ, ಕಡಿದದ್ದನ್ನೆಲ್ಲ ಎತ್ತಿ ನೋಡುತ್ತ ಬಂದಳು. ಮುರುಗಲಿನ ಒಂದು ಸಸಿ ಹೋಗಿತ್ತು. ಭಾವ ಮಾಡಿದ ಕೆಲಸ. ಅವನಿಗೆ ಅದನ್ನು ಕೈಯಲ್ಲಿ ಹಿಡಿಸಿ, ಎಲೆ ಮೂಸಿಸಿ, ಸಾರಿಗೆ ಹಾಕುವ ಮುರುಗಲು ಯಾವುದರಿಂದ ಬರುತ್ತದೆ ಎಂದು ಕೇಳಿ ಅವಮಾನ ಮಾಡಿದಳು. ಗೌಡರ ಮಗಳು ನಗು ತಡೆಯಲಾರದೆ ಹಳ್ಳಕ್ಕೆ ಇಳಿದಳು.

ಮೊದಲ ಗುಂಪು ಬರುವುದು ಬರುವ ಶನಿವಾರ, ಎಂಟು ಜನ, ಅದರಲ್ಲಿ ಇಬ್ಬರು ಅರವತ್ತು ದಾಟಿದವರು. ನಿನ್ನೆ ದೊಡ್ಡಾಯಿಗೆ ಫೋನ್ ಮಾಡಿ ಹೇಳಿದೆ. ಎಷ್ಟು ಜನಕ್ಕೆ ಮಜ್ಜಿಗೆ ಕಡೆಯಬೇಕು ಎಂದು ಕೇಳಿದಳು. ಆಮೇಲೆ, ಹೆಂಗೂ ರಸ್ತೆಯಿಂದ ಬರುತ್ತಾರಲ್ಲ, ಒಂದು ಕೆಜಿ ಸಕ್ಕರೆ, ಎರಡು ಬೆಂಕಿಪೊಟ್ಟಣ, ಹಸುವಿಗೆ ಅರ್ಧ ಚೀಲ ಹಿಂಡಿ ತರಲು ಹೇಳು ಎಂದಳು. "ಬರಿಗೈಯಲ್ಲಿ ಬಪ್ಪದು ಎಂತಕ್ಕೆ?"

ಹಿಂಡಿಯ ವಿಷಯ ಭಾವನಿಗೆ ಇನ್ನೂ ಹೇಳಿಲ್ಲ.